ಗಣಿಯೊಳಗಿನ ಡೀಸೆಲ್ ಗಾಡಿಯ ರಿಜಿಸ್ಟರ್: ನೋಡದೆ ಸಹಿ ಹಾಕು ಅಂತಾರೆ, ಏನು ಮಾಡಲಿ?

ಬಂಗಾರಪೇಟೆ ಡಿಪ್ಲೊಮಾ

ಎಲ್ಲರಿಗೂ ನಮಸ್ಕಾರ. ನಮ್ಮ ಕೋಲಾರ ಜಿಲ್ಲೆಯಲ್ಲಿ ಗಣಿ ಕೆಲಸ ಕಂಡವರು ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೊರರಾಜ್ಯದ ಒಂದು ಕಲ್ಲಿದ್ದಲು ಗಣಿಯಲ್ಲಿ ಕಂಟ್ರಾಕ್ಟರ್ ಕಡೆಯಿಂದ ಮೆಂಟೆನೆನ್ಸ್ ಕೆಲಸಕ್ಕೆ ಸೇರಿದ್ದೇನೆ. ಗಣಿಯ ಹೆಸರು, ಕಂಟ್ರಾಕ್ಟರ್ ಹೆಸರು ಎರಡೂ ಬೇಡ. ನೆಲದಡಿಯಲ್ಲಿ ಆಳುಗಳನ್ನೂ ಸಾಮಾನನ್ನೂ ಸಾಗಿಸುವ ಡೀಸೆಲ್ ಗಾಡಿಗಳು ನಮ್ಮ ತಂಡಕ್ಕೆ ಸೇರಿವೆ.

ವಾರಕ್ಕೊಮ್ಮೆ ಪ್ರತಿ ಗಾಡಿಯನ್ನೂ ಪೂರ್ತಿ ನೋಡಿ ರಿಜಿಸ್ಟರ್‌ನಲ್ಲಿ ಬರೆಯಬೇಕು. ಬ್ರೇಕ್, ಹೊಗೆ, ಸ್ಕ್ರಬ್ಬರ್ ನೀರು, ಫ್ಲೇಮ್ ಟ್ರ್ಯಾಪ್ (ಇಂಜಿನ್ನಿನ ಜ್ವಾಲೆ ಹೊರಗೆ ಬರದಂತೆ ತಡೆಯುವ ಭಾಗ), ಬೆಂಕಿ ಆರಿಸುವ ಸಿಸ್ಟಂ, ಎಲ್ಲ. ನಾನು ಪುಸ್ತಕ ತೆರೆದು ನೋಡಿದರೆ ಹಿಂದಿನ ಎಷ್ಟೋ ವಾರಗಳ ಜಾಗ ಖಾಲಿ. "ಇನ್‌ಸ್ಪೆಕ್ಷನ್‌ಗೆ ಬರುತ್ತಾರೆ, ಖಾಲಿ ಇರೋದನ್ನೆಲ್ಲ ಓಕೆ ಅಂತ ತುಂಬಿ ಸಹಿ ಹಾಕು" ಅಂತ ಮೇಲಿನವರು ಹೇಳಿದರು. ಆ ವಾರಗಳಲ್ಲಿ ನಾನು ಅಲ್ಲಿ ಕೆಲಸಕ್ಕೇ ಸೇರಿರಲಿಲ್ಲ! ಇನ್ನೂ ಸಹಿ ಹಾಕಿಲ್ಲ. ನಾಳೆ, ನಾಡಿದ್ದು ಅಂತ ತಳ್ಳುತ್ತಿದ್ದೇನೆ.

ಇನ್ನೊಂದು ವಿಷಯ. ಒಂದು ಗಾಡಿಯಲ್ಲಿ ಸ್ಕ್ರಬ್ಬರ್ ಟ್ಯಾಂಕಿನ ಫ್ಲೋಟನ್ನು ತಂತಿಯಲ್ಲಿ ಎತ್ತಿ ಕಟ್ಟಿಬಿಟ್ಟಿದ್ದಾರೆ. ಅದೇ ಗಾಡಿಗೆ ಪುಸ್ತಕದಲ್ಲಿ "ಎಲ್ಲಾ ಸರಿ" ಅಂತ ಬರೆದಿದೆ.

ಸಹಿ ಹಾಕದೆ ಇದ್ದರೆ ಕೆಲಸ ಹೋಗುತ್ತಾ? ಈ ಪುಸ್ತಕಕ್ಕೆ ನಿಜವಾಗಿ ಬೆಲೆ ಇದೆಯಾ, ಇಲ್ಲ ಸುಮ್ನೆ ತಪಾಸಣೆಯವರಿಗೆ ತೋರಿಸೋಕೆ ಮಾತ್ರವಾ? ಗೊತ್ತಿರುವವರು ಹೇಳಿ.

ಮಾಲೂರು ಮೆಕ್ಯಾನಿಕ್

ಸಹಿ ಹಾಕಬೇಡ ತಮ್ಮಾ. ಬೇರೆ ಮಾತೇ ಇಲ್ಲ.

ಟೊಮ್ಯಾಟೊ ಮಂಡಿ

ಹೇಳೋದು ಸುಲಭ ಅಣ್ಣ. ಮನೆ ಬಿಟ್ಟು ಅಷ್ಟು ದೂರ ಹೋಗಿದ್ದಾನೆ, ಮೊದಲ ಕೆಲಸ. ಬಂದ ತಕ್ಷಣ ಮೇಲಿನವರನ್ನ ಎದುರು ಹಾಕಿಕೊಂಡರೆ ವಾಪಸ್ ಬಂಗಾರಪೇಟೆ ಬಸ್ಸೇ ಗತಿ. ಪುಸ್ತಕ ತುಂಬೋದು ಎಲ್ಲಾ ಕಡೆ ಹೀಗೇ ಇದೆ. ಗಾಡಿಯನ್ನ ಚೆನ್ನಾಗಿ ನೋಡಿಕೊಂಡರೆ ಸಾಕಲ್ವಾ? ಜೀವ ಉಳಿಸೋದು ಸ್ಪ್ಯಾನರ್, ಪೆನ್ನಲ್ಲ.

ಊರಿಗಾಂ ಹಳೇ ಫಿಟ್ಟರ್

ಮೊದಲು ಆ ತಂತಿ ಬಿಚ್ಚಿಸು ಮಗಾ. ಪುಸ್ತಕದ ಮಾತು ಆಮೇಲೆ.

ಆ ಫ್ಲೋಟ್ ಯಾಕಿದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಇಂಜಿನ್ನಿಂದ ಬರುವ ಹೊಗೆ ಕೆಂಡದಷ್ಟು ಬಿಸಿ ಇರುತ್ತೆ, ಒಮ್ಮೊಮ್ಮೆ ಕಿಡಿಯೂ ಬರುತ್ತೆ. ಕಲ್ಲಿದ್ದಲು ಗಣಿಯಲ್ಲಿ ಅದನ್ನ ಹಾಗೇ ಹೊರಗೆ ಬಿಡುವ ಹಾಗಿಲ್ಲ. ನೀರಿನ ಟ್ಯಾಂಕಿನೊಳಗೆ ಹಾಯಿಸಿ ತಣ್ಣಗೆ ಮಾಡುತ್ತಾರೆ. ಆ ಟ್ಯಾಂಕೇ ಸ್ಕ್ರಬ್ಬರ್. ಓಡುತ್ತಾ ಓಡುತ್ತಾ ನೀರು ಆವಿಯಾಗಿ ಕಡಿಮೆಯಾಗುತ್ತೆ. ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಫ್ಲೋಟ್ ಬಿದ್ದು ಇಂಜಿನ್ ತಾನಾಗೇ ನಿಲ್ಲಬೇಕು. ಮಸಿ ಸೇರಿ ಸೇರಿ ನೀರು ಕೆಸರಿನಂತಾದಾಗ ಫ್ಲೋಟ್ ಅಂಟಿಕೊಳ್ಳುತ್ತೆ. ನೀರಿದ್ದರೂ ಇಂಜಿನ್ ನಿಲ್ಲುತ್ತೆ. ಡ್ರೈವರ್‌ಗೆ ಬೇಜಾರು, ಶಿಫ್ಟಿಗೆ ಲೇಟು. ಆಗ ಯಾರೋ ತಂತಿ ಹಿಡಿದು ಬರುತ್ತಾನೆ. ಟ್ಯಾಂಕ್ ತೊಳೆದರೆ ಮುಗಿಯುವ ಕೆಲಸಕ್ಕೆ ಕಾವಲನ್ನೇ ಕಟ್ಟಿಹಾಕುತ್ತಾರೆ.

ಕಟ್ಟಿದವನು ಮಾರನೇ ದಿನ ರಜೆ ಹಾಕುತ್ತಾನೆ. ಮುಂದಿನ ಶಿಫ್ಟಿನ ಡ್ರೈವರ್‌ಗೆ ಏನು ಗೊತ್ತು? ಅವನು ಪುಸ್ತಕ ನೋಡುತ್ತಾನೆ. "ಎಲ್ಲಾ ಸರಿ." ನೀರು ಮುಗಿದರೂ ಓಡಿಸುತ್ತಲೇ ಇರುತ್ತಾನೆ.

ಮಂಡಿಯವರೇ, ಸ್ಪ್ಯಾನರ್ ಹಿಡಿದವನು ಎಂಟು ಗಂಟೆಗೆ ಮನೆಗೆ ಹೋಗುತ್ತಾನೆ. ಅವನು ಏನು ಮಾಡಿದ ಅಂತ ಮುಂದಿನವನಿಗೆ ಹೇಳೋದು ಆ ಪುಸ್ತಕವೇ. ನಮ್ಮ ಕಾಲದಲ್ಲಿ ಆಳುಗಳನ್ನ ಗಣಿಗೆ ಇಳಿಸುವ ಬೋನಿನ ಹಗ್ಗಕ್ಕೆ ಒಂದು ಪುಸ್ತಕ ಇತ್ತು. ಸ್ಟೀಲ್ ಹಗ್ಗ. ಇಪ್ಪತ್ತನಾಲ್ಕು ಗಂಟೆಗೊಮ್ಮೆ ನಿಧಾನವಾಗಿ ಹಗ್ಗ ಓಡಿಸಿ, ಕೈಯಲ್ಲಿ ಹತ್ತಿ ವೇಸ್ಟ್ ಹಿಡಿದು ನೋಡುತ್ತಿದ್ದೆವು. ಎಳೆ ತುಂಡಾಗಿದ್ದರೆ ವೇಸ್ಟ್ ಸಿಕ್ಕಿಕೊಳ್ಳುತ್ತೆ. ಎಲ್ಲಿ, ಎಷ್ಟು ಎಳೆ ಅಂತ ಬರೆಯಬೇಕು. ನಮ್ಮ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳ. ಆ ಹಗ್ಗಕ್ಕೆ ಜೋತು ಇಳಿಯುವವರು ನಮ್ಮವರೇ. ಹಿಂದಿನ ದಿನದ ಪುಟ ನೋಡದೆ ಯಾರೂ ಸಹಿ ಹಾಕುತ್ತಿರಲಿಲ್ಲ.

ಶ್ರೀನಿವಾಸಪುರ ತೋಪು

ಸಾರ್, ನಮ್ಮ ತಾತನೂ ಅಲ್ಲಿ ಇಳಿಯುತ್ತಿದ್ದರು. 2001ರಲ್ಲಿ ಮುಚ್ಚಿದಾಗ ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಹೇಳುತ್ತಾರೆ. ಮಾರಿಕುಪ್ಪಂ ಟ್ರೈನ್ ಈಗಲೂ ಬೆಳಿಗ್ಗೆ ತುಂಬಿ ಹೋಗುತ್ತೆ, ಎಲ್ಲಾ ಬೆಂಗಳೂರು ಕೆಲಸಕ್ಕೆ.

ಊರಿಗಾಂ ಹಳೇ ಫಿಟ್ಟರ್

ಹೌದಪ್ಪ, ಫೆಬ್ರವರಿ 28. ಆ ವಿಷಯ ಬೇರೆ ಕಡೆ ಮಾತಾಡೋಣ, ಈ ಹುಡುಗನ ಪ್ರಶ್ನೆ ಹಿಂದೆ ಬೀಳುತ್ತೆ.

ಗಣಿ ಮೇಷ್ಟ್ರು

ಮೈನಿಂಗ್ ಪಾಠ ಮಾಡುತ್ತೇನೆ, ಸ್ವಲ್ಪ ಉದ್ದ ಆಗಬಹುದು, ಓದಿ.

ನಮ್ಮ ಚಿನ್ನದ ಗಣಿಯ ಲೆಕ್ಕ ಬೇರೆ, ಕಲ್ಲಿದ್ದಲಿನ ಲೆಕ್ಕ ಬೇರೆ. ಕಲ್ಲಿದ್ದಲಿನಿಂದ ಮೀಥೇನ್ ಅನಿಲ ಹೊರಡುತ್ತಲೇ ಇರುತ್ತೆ. ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟು ಇದ್ದರೆ ಒಂದು ಕಿಡಿಗೆ ಸ್ಫೋಟ ಆಗುತ್ತೆ. ಅನಿಲ ಎಷ್ಟು ಬರುತ್ತೆ ಅಂತ ನೋಡಿ ನಮ್ಮ ದೇಶದಲ್ಲಿ ಗಣಿಗಳನ್ನ ಮೂರು ಡಿಗ್ರಿಯಾಗಿ ವಿಂಗಡಿಸಿದ್ದಾರೆ. ಮೂರನೇ ಡಿಗ್ರಿ ಅಂದರೆ ಒಂದು ಟನ್ ಕಲ್ಲಿದ್ದಲಿಗೆ 10 ಘನ ಮೀಟರ್‌ಗಿಂತ ಜಾಸ್ತಿ ಅನಿಲ. ಜೊತೆಗೆ ಕಲ್ಲಿದ್ದಲಿನ ಪುಡಿ. ಬಿಸಿ ಮೇಲ್ಮೈ ಮೇಲೆ ಕೂತರೆ ಅದೂ ಹೊತ್ತಿಕೊಳ್ಳುತ್ತೆ. ಅದಕ್ಕೇ ಇಂಥ ಕಡೆ ಓಡುವ ಡೀಸೆಲ್ ಇಂಜಿನ್ನಿನ ಹೊರಮೈ 150 ಡಿಗ್ರಿ ಸೆಲ್ಸಿಯಸ್ ದಾಟಬಾರದು ಅಂತ ವಿನ್ಯಾಸ ಮಾಡುತ್ತಾರೆ. ಎಕ್ಸಾಸ್ಟ್ ಪೈಪಿಗೂ ನೀರಿನ ಹೊದಿಕೆ ಇರುತ್ತೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ. ಮೀಥೇನ್ ಇರುವ ಗಾಳಿಯನ್ನು ಡೀಸೆಲ್ ಇಂಜಿನ್ ಎಳೆದುಕೊಂಡರೆ, ಡೀಸೆಲ್ ಬಂದ್ ಮಾಡಿದರೂ ಇಂಜಿನ್ ನಿಲ್ಲಲ್ಲ. ಆ ಅನಿಲವನ್ನೇ ಉರಿಸಿಕೊಂಡು ಓಡುತ್ತೆ, ಇನ್ನೂ ಜೋರಾಗಿ ಓಡುತ್ತೆ. ಅದನ್ನ ನಿಲ್ಲಿಸೋಕೆ ಗಾಳಿ ಬರುವ ದಾರಿಯನ್ನೇ ಮುಚ್ಚಬೇಕು. ಅದಕ್ಕೆ ಇನ್‌ಟೇಕ್‌ನಲ್ಲಿ ಒಂದು ಶಟ್‌ಆಫ್ ವಾಲ್ವ್ ಇರುತ್ತೆ. ದಿನವೂ ಬಳಸುವ ಭಾಗ ಅಲ್ಲ ಅದು. ವರ್ಷಗಟ್ಟಲೆ ಬೇಕಾಗದೆ ಇರಬಹುದು. ಧೂಳು ತುಂಬಿ ಜಾಮ್ ಆಗಿದ್ದರೂ ಗಾಡಿ ಆರಾಮಾಗಿ ಓಡುತ್ತೆ. ಬೇಕಾದ ಹೊತ್ತಿಗೆ ಮುಚ್ಚಲ್ಲ. ವಾರದ ಪರೀಕ್ಷೆಯಲ್ಲಿ ಅದನ್ನ ಎಳೆದು, ಇಂಜಿನ್ ನಿಜವಾಗಿ ನಿಂತಿತಾ ಅಂತ ನೋಡಿ ಬರೆಯಬೇಕು ಅನ್ನೋದು ಇದಕ್ಕೇ. ಓಡಿಸಿ ನೋಡಿದರೆ ಗೊತ್ತಾಗದ ದೋಷ ಇದು, ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗೋದು.

ಹೊರದೇಶದ ಒಂದು ಮಾದರಿ ಹೇಳುತ್ತೇನೆ. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಯ ಡೀಸೆಲ್ ಯಂತ್ರಗಳಿಗೇ ಅಂತ 1996ರಲ್ಲಿ ಪ್ರತ್ಯೇಕ ನಿಯಮ ಬಂತು. ಅದರ ಪ್ರಕಾರ ಪ್ರತಿ ಶಿಫ್ಟಿನಲ್ಲಿ ಗಾಡಿ ತೆಗೆಯೋಕೆ ಮುಂಚೆ ಡ್ರೈವರ್ ಸುತ್ತ ಒಮ್ಮೆ ನೋಡಬೇಕು. ವಾರಕ್ಕೊಮ್ಮೆ ತರಬೇತಿ ಪಡೆದ ಅರ್ಹ ವ್ಯಕ್ತಿ ಪೂರ್ತಿ ಪರೀಕ್ಷೆ ಮಾಡಬೇಕು. ಏನಾದರೂ ಸರಿ ಇಲ್ಲ ಅಂತ ಕಂಡರೆ ಯಾವ ಗಾಡಿ, ಏನು ದೋಷ, ಏನು ರಿಪೇರಿ ಅಂತ ಬರೆಯಬೇಕು. ಆ ದಾಖಲೆ ಗಣಿಯ ಮೇಲ್ಭಾಗದಲ್ಲಿ ಕನಿಷ್ಠ ಒಂದು ವರ್ಷ ಇರಬೇಕು. ತಿದ್ದಲು ಆಗದ ಪುಸ್ತಕ ಇರಬೇಕು, ಇಲ್ಲ ಅಂಥದೇ ಕಂಪ್ಯೂಟರ್ ವ್ಯವಸ್ಥೆ. ಕಾರ್ಮಿಕರ ಪ್ರತಿನಿಧಿ ಕೇಳಿದರೂ ತೋರಿಸಬೇಕು.

ಚಿಂತಾಮಣಿ ಕ್ರಷರ್

ಮೇಷ್ಟ್ರೇ, ನೀವೇ ಹೇಳಿದಿರಿ ನೋಡಿ. ಅಲ್ಲಿ ದೋಷ ಕಂಡರೆ ಮಾತ್ರ ಬರೆಯೋದು. ನಮ್ಮಲ್ಲಿ ಯಾಕೆ ಎಲ್ಲಾ ಕಾಲಂಗೂ ಓಕೆ ಓಕೆ ಅಂತ ಗೀಚೋದು? ನಮ್ಮ ಕ್ರಷರ್‌ನಲ್ಲೂ ಹಾಗೇ. ಡಿಜಿ ಸೆಟ್, ಹಿಟಾಚಿ, ಟಿಪ್ಪರ್, ಎಲ್ಲದಕ್ಕೂ ಒಂದೊಂದು ಬುಕ್. ಬರೆಯೋನು ಗಾಡಿ ಹತ್ತಿರ ಹೋಗೋದೇ ಇಲ್ಲ, ಟೀ ಕುಡಿಯುತ್ತಾ ಬರೀತಾನೆ. ದೋಷ ಮಾತ್ರ ಬರೆಯಿರಿ ಅಂದರೆ ಬರೆಯೋದಕ್ಕೂ ಒಂದು ಅರ್ಥ ಇರುತ್ತೆ.

ಸೇಫ್ಟಿ ಕೆಲಸದವ

ಒಪ್ಪಲ್ಲ. ದೋಷ ಮಾತ್ರ ಬರೆಯೋದು ಅಂತಾದರೆ ಖಾಲಿ ಪುಟಕ್ಕೆ ಎರಡು ಅರ್ಥ. ನೋಡಿದ, ಏನೂ ಇರಲಿಲ್ಲ. ಅಥವಾ ನೋಡಲೇ ಇಲ್ಲ. ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಚಿಂತಾಮಣಿ ಕ್ರಷರ್

ಓಕೆ ಅಂತ ಬರೆದರೂ ಅದೇ ಎರಡು ಅರ್ಥ ತಾನೇ? ಈ ಹುಡುಗನ ಗಾಡಿಯಲ್ಲಿ ತಂತಿ ಕಟ್ಟಿದೆ, ಪುಸ್ತಕದಲ್ಲಿ ಓಕೆ ಇದೆ!

ಮುಳಬಾಗಿಲು ನರ್ಸಮ್ಮ

ನಾನು ಗಣಿಯವಳಲ್ಲ. ಆದರೆ ದಾಖಲೆ ಬರೆಯೋದೇ ನನ್ನ ಅರ್ಧ ಕೆಲಸ, ಹಾಗಾಗಿ ಒಂದು ಮಾತು. ಬಸುರಿಯ ತಾಯಿ ಕಾರ್ಡಿನಲ್ಲಿ ನಾವು "ಬಿಪಿ ಓಕೆ" ಅಂತ ಬರೆಯಲ್ಲ. 110/70, ಮುಂದಿನ ಸಲ 124/80, ಆಮೇಲೆ 136/86 ಅಂತ ಬರೆಯುತ್ತೇವೆ. ಮೂರೂ ಸಲ 140 ಒಳಗೇ ಇದೆ, ಓಕೆನೇ. ಆದರೆ ಮೂರನ್ನೂ ಸಾಲಾಗಿ ನೋಡಿದ ಡಾಕ್ಟರ್ ತಕ್ಷಣ ಕೂರಿಸಿ ಮಾತಾಡುತ್ತಾರೆ. ನಿಮ್ಮ ಹೊಗೆಗೂ ಒಂದು ನಂಬರ್ ಇರುತ್ತಲ್ಲ ತಮ್ಮಾ? ಆ ನಂಬರೇ ಬರೆ.

ಗಣಿ ಮೇಷ್ಟ್ರು

ನರ್ಸಮ್ಮನವರು ಹೇಳಿದ್ದು ಸರಿಯಾಗಿದೆ. ಇದೆ, ನಂಬರ್ ಇದೆ. ಕಾರ್ಬನ್ ಮಾನಾಕ್ಸೈಡ್, ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಅಂತ.

ಪರೀಕ್ಷೆ ಹೇಗೆ ಅಂದರೆ, ಗಾಡಿ ನಿಲ್ಲಿಸಿ ಬ್ರೇಕ್ ಹಾಕಿ, ಇಂಜಿನ್ ಮೇಲೆ ಲೋಡ್ ಬೀಳುವ ಹಾಗೆ ಪೂರ್ತಿ ಆಕ್ಸಿಲರೇಟರ್ ಕೊಡಬೇಕು. ರೀಡಿಂಗ್ ಒಂದು ಕಡೆ ನಿಂತ ಮೇಲೆ, ಹೊಗೆ ಹೊರಗಿನ ಗಾಳಿಗೆ ಬೆರೆಯುವ ಮುಂಚೆಯೇ ಮಾದರಿ ತೆಗೆದು ಅಳೆಯಬೇಕು. ಐಡ್ಲಿಂಗ್‌ನಲ್ಲಿ ಅಳೆದರೆ ಯಾವ ಇಂಜಿನ್ ಬೇಕಾದರೂ ಪಾಸಾಗುತ್ತೆ. ಅಮೆರಿಕದ ನಿಯಮದಲ್ಲಿ ಇದನ್ನೂ ವಾರಕ್ಕೊಮ್ಮೆ ಮಾಡಿ ದಾಖಲಿಸಬೇಕು, 2500 ಪಿಪಿಎಂ ದಾಟಿದರೆ ಸರಿಪಡಿಸಬೇಕು.

ಈ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಾ ಹೋದರೆ ಏರ್ ಫಿಲ್ಟರ್ ಕಟ್ಟಿದೆ, ಇಂಜೆಕ್ಟರ್ ಕೆಟ್ಟಿದೆ, ಇಲ್ಲ ಪಂಪ್ ಸೆಟ್ಟಿಂಗ್ ತಪ್ಪಿದೆ. ಮಿತಿ ದಾಟೋಕೆ ಮುಂಚೆಯೇ ಹಿಡಿಯಬಹುದು. ಓಕೆ ಅಂತ ಬರೆದ ಪುಸ್ತಕದಲ್ಲಿ ಆ ಏರಿಕೆ ಕಾಣೋದೇ ಇಲ್ಲ. ಕ್ರಷರ್‌ನವರ ಪ್ರಶ್ನೆಗೂ ಇದೇ ಉತ್ತರ ಅಂದುಕೊಳ್ಳುತ್ತೇನೆ. ಅಳೆಯಬಹುದಾದದ್ದಕ್ಕೆ ಸಂಖ್ಯೆ ಬರೆಯಿರಿ. ಸಂಖ್ಯೆ ಬರೆಯಬೇಕಾದರೆ ಮೀಟರ್ ಹಿಡಿದು ಗಾಡಿ ಹತ್ತಿರ ಹೋಗಲೇಬೇಕು.

ಮಾಲೂರು ಮೆಕ್ಯಾನಿಕ್

ಸಂಖ್ಯೆಯನ್ನೂ ಕೂತಲ್ಲೇ ಬರೆಯುವವರಿದ್ದಾರೆ ಸಾರ್. ಆದರೆ ಸಿಕ್ಕಿಬೀಳುತ್ತಾರೆ. ನಾನು ಮುಂಚೆ ಇದ್ದ ಒಂದು ವರ್ಕ್‌ಶಾಪಿನಲ್ಲಿ ಕಂಪ್ರೆಷರ್ ಪ್ರೆಷರ್ ರೀಡಿಂಗ್ ಪುಸ್ತಕ ಇತ್ತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಎಲ್ಲಾ ಒಂದೇ ಸಂಖ್ಯೆ. ಒಂದೇ ಪೆನ್ನು, ಒಂದೇ ಒತ್ತು. ಭಾನುವಾರ ಶಟರ್ ಹಾಕಿದ್ದ ದಿನವೂ ರೀಡಿಂಗ್ ಇತ್ತು. ಯಂತ್ರ ನಿಜವಾಗಿ ಓಡಿದರೆ ಸಂಖ್ಯೆ ಸ್ವಲ್ಪ ಆಚೆ ಈಚೆ ಆಗುತ್ತೆ. ಪುಟದ ಮೇಲೆ ಎಣ್ಣೆ ಬೆರಳಿನ ಗುರುತು ಇರುತ್ತೆ. ಬಿಳಿ ಬಟ್ಟೆಯಂಥ ಪುಟ ಕಂಡರೆ ನನಗೆ ಅನುಮಾನ.

ಕೋಲಾರ ಕೋರ್ಟು

ಕಾನೂನಿನ ಮಾತು ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 1952ರ ಗಣಿ ಕಾಯ್ದೆಯ 64ನೇ ಸೆಕ್ಷನ್ ಸುಳ್ಳು ದಾಖಲೆಗೇ ಮೀಸಲಾಗಿತ್ತು. ಗೊತ್ತಿದ್ದೂ ರಿಜಿಸ್ಟರ್‌ನಲ್ಲಿ ಸುಳ್ಳು ಬರೆದರೆ ಮೂರು ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ ಅಂತ ಇತ್ತು. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಕೆಲಸದ ಸ್ಥಳದ ಸುರಕ್ಷತಾ ಸಂಹಿತೆಯಲ್ಲೂ ಅದು ಅಪರಾಧವೇ. ಬರೆಯೋಕೆ ಹೇಳಿದವರ ಮಾತು ಬಾಯಿಮಾತು. ಸಹಿ ಮಾತ್ರ ಈ ಹುಡುಗನದು. ನಾಳೆ ಏನಾದರೂ ಆದರೆ ವಿಚಾರಣೆಯಲ್ಲಿ ಮೊದಲು ಜಪ್ತಿ ಮಾಡೋದು ಪುಸ್ತಕವನ್ನೇ. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟು ನೋಡುತ್ತಾರೆ. ಕೆಲಸಕ್ಕೆ ಸೇರುವ ಮುಂಚಿನ ತಾರೀಖಿಗೆ ಸಹಿ ಹಾಕಿದ್ದು ಕಂಡರೆ ಯಾವ ವಕೀಲ ಬಂದರೂ ಕಷ್ಟ.

ಇನ್ನು ನಮ್ಮ ದೇಶದ ನಿಯಮಗಳಲ್ಲಿ ಪದೇ ಪದೇ ಬರುವ ಮಾತು ಏನು ಗೊತ್ತಾ? ಪುಟ ಸಂಖ್ಯೆ ಹಾಕಿ ಬೈಂಡ್ ಮಾಡಿದ ಪುಸ್ತಕ. ಹಾಳೆ ಕಿತ್ತರೆ ಗೊತ್ತಾಗಬೇಕು, ನಡುವೆ ಸೇರಿಸಿದರೂ ಗೊತ್ತಾಗಬೇಕು ಅಂತ.

ಟೊಮ್ಯಾಟೊ ಮಂಡಿ

ಕಾನೂನು ಸರಿ ಸಾರ್, ಆದರೆ ಅವನ ಸಂಬಳ ನೀವು ಕೊಡುತ್ತೀರಾ? ಕೋಪ ಮಾಡಿಕೊಳ್ಳಬೇಡಿ, ನಿಜವಾಗಿಯೇ ಕೇಳುತ್ತಿದ್ದೇನೆ. ಸಹಿ ಹಾಕಲ್ಲ ಅಂತ ಹೇಳೋದು ಹೇಗೆ? ಅದನ್ನ ಹೇಳಿಕೊಡಿ.

ಊರಿಗಾಂ ಹಳೇ ಫಿಟ್ಟರ್

ಇದು ಒಳ್ಳೆ ಪ್ರಶ್ನೆ. ಜಗಳ ಆಡಬೇಕಾಗಿಲ್ಲ ಮಗಾ. "ಸಾರ್, ಹಳೇ ವಾರ ನನಗೆ ಗೊತ್ತಿಲ್ಲ, ಆಗ ನಾನಿರಲಿಲ್ಲ. ಇವತ್ತು ಎಲ್ಲಾ ಗಾಡಿ ಪರೀಕ್ಷೆ ಮಾಡಿ, ಇವತ್ತಿನ ತಾರೀಖಿನಲ್ಲಿ ಪೂರ್ತಿ ಬರೆದುಕೊಡುತ್ತೇನೆ" ಅನ್ನು. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು "ಈ ಅವಧಿಯ ದಾಖಲೆ ಇಲ್ಲ" ಅಂತ ಅವರೇ ಬರೆದು ಅವರೇ ಸಹಿ ಹಾಕಲಿ. ತಪಾಸಣೆಯವರು ಬಂದಾಗ ಇವತ್ತಿನ ಪರೀಕ್ಷೆ ಸರಿಯಾಗಿದ್ದರೆ ಮೇಲಿನವರಿಗೂ ಮುಖ ಉಳಿಯುತ್ತೆ. ಇಲ್ಲ ಅಂತ ಹೇಳೋದರ ಜೊತೆಗೆ ಒಂದು ಕೆಲಸ ಮಾಡಿಕೊಡುತ್ತೇನೆ ಅಂತಲೂ ಹೇಳು. ಎದುರಿಗಿರುವವನು ಅರ್ಧ ತಣ್ಣಗಾಗುತ್ತಾನೆ.

ಸೇಫ್ಟಿ ಕೆಲಸದವ

ಇದನ್ನ ಬರೆಯಲೇಬೇಕು ಅನ್ನಿಸಿತು. 2010ರಲ್ಲಿ ಒಂದೇ ವರ್ಷ ಎರಡು ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟ ಆಯಿತು. ಒಂದೊಂದರಲ್ಲೂ 29 ಜನ ಸತ್ತರು.

ಒಂದು, ಏಪ್ರಿಲ್ 5, ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್. ತನಿಖೆಯಲ್ಲಿ ಗೊತ್ತಾಗಿದ್ದು ಏನಂದರೆ, ಅಲ್ಲಿ ಎರಡು ಪುಸ್ತಕ ಇದ್ದವು. ಉತ್ಪಾದನೆಯ ಲೆಕ್ಕಕ್ಕೆ ಒಳಗಿನವರು ಇಟ್ಟುಕೊಂಡ ಪುಸ್ತಕದಲ್ಲಿ ಅಪಾಯದ ವಿವರ ಬರೆದಿತ್ತು. ಕಾನೂನಿನ ಪ್ರಕಾರ ಎಲ್ಲರೂ ನೋಡಬಹುದಾದ ತಪಾಸಣೆ ಪುಸ್ತಕದಲ್ಲಿ ಅದು ಇರಲಿಲ್ಲ. ಅಂದರೆ ಮೇಲಿದ್ದವರಿಗೆ ಗೊತ್ತಿತ್ತು, ಕೆಳಗೆ ಇಳಿಯುವವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಇನ್ನೊಂದು, ನವೆಂಬರ್ 19, ನ್ಯೂಜಿಲೆಂಡಿನ ಪೈಕ್ ರಿವರ್. ಅಲ್ಲಿ ಬರೆದಿದ್ದರು. ಸ್ಫೋಟಕ್ಕೆ ಮುಂಚಿನ 48 ದಿನಗಳಲ್ಲಿ ಮೀಥೇನ್ ಸ್ಫೋಟದ ಮಟ್ಟ ಮುಟ್ಟಿದೆ ಅಂತ 21 ವರದಿ ಇದ್ದವು. ಅದಕ್ಕಿಂತ ಕಡಿಮೆ, ಆದರೂ ಅಪಾಯ ಅನ್ನಿಸುವ ಮಟ್ಟದ್ದು 27. ಆ ದಿನ ಬೆಳಿಗ್ಗೆಯವರೆಗೂ ವರದಿ ಬರುತ್ತಲೇ ಇತ್ತು ಅಂತ ಅಲ್ಲಿನ ರಾಯಲ್ ಕಮಿಷನ್ ಹೇಳಿದೆ. ಯಾರೂ ಕೂತು ಒಟ್ಟಿಗೆ ಓದಿ ಕೆಲಸ ನಿಲ್ಲಿಸಲಿಲ್ಲ.

ಎರಡೂ ಡೀಸೆಲ್ ಗಾಡಿಯಿಂದ ಆದದ್ದು ಅಂತ ನಾನು ಹೇಳುತ್ತಿಲ್ಲ. ದಾಖಲೆ ಎರಡು ಥರ ಸಾಯುತ್ತೆ ಅನ್ನೋದಕ್ಕೆ ಹೇಳಿದೆ. ಈ ಹುಡುಗನ ಗಣಿಯಲ್ಲಿ ಮೊದಲನೇ ಥರ ಶುರುವಾಗಿದೆ.

ಚಿಂತಾಮಣಿ ಕ್ರಷರ್

ನ್ಯೂಜಿಲೆಂಡ್ ತನಕ ಯಾಕೆ ಹೋಗಬೇಕು. ನಮ್ಮ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ನೆನಪಿಲ್ವಾ? 2021ರ ಫೆಬ್ರವರಿ. ಜಿಲೆಟಿನ್ ಸಿಡಿದು ಆರು ಜನ ಹೋದರು. ಆಮೇಲೆ ಎಲ್ಲಾ ಕ್ವಾರಿಗಳಲ್ಲೂ ಸ್ಟಾಕ್ ಪುಸ್ತಕ ಕೇಳೋಕೆ ಶುರು ಮಾಡಿದರು. ನಮ್ಮಲ್ಲೂ ಬಂದು ನೋಡಿದರು. ಆವತ್ತಿನಿಂದ ನಾನು ಪುಸ್ತಕವನ್ನ ಹಗುರವಾಗಿ ತಗೊಳ್ಳೋದು ಬಿಟ್ಟೆ. ನನ್ನ ವಾದ ಇಷ್ಟೇ, ಅರ್ಥವಿಲ್ಲದ ಕಾಲಂ ಜಾಸ್ತಿ ಆದರೆ ಅರ್ಥವಿರುವ ಕಾಲಂ ಕಣ್ಣಿಗೆ ಬೀಳಲ್ಲ.

ಸೇಫ್ಟಿ ಕೆಲಸದವ

ಅಣ್ಣ, ಇದನ್ನ ಒಪ್ಪುತ್ತೇನೆ.

ಕೆಜಿಎಫ್ ಕೋಡರ್

ಈ ಕಾಲದಲ್ಲೂ ಪುಸ್ತಕವಾ? ಒಂದು ಆ್ಯಪ್ ಮಾಡಿ, ಗಾಡಿಗೆ ಕ್ಯೂಆರ್ ಕೋಡ್ ಅಂಟಿಸಿ, ಫೋಟೊ ತೆಗೆದು ಹಾಕಿದರೆ ಮುಗೀತು. ಟೈಮ್ ತಾನಾಗೇ ಬೀಳುತ್ತೆ, ಬ್ಯಾಕ್‌ಡೇಟ್ ಮಾಡೋಕೆ ಆಗಲ್ಲ. ಬೇಕಾದರೆ ನಾನೇ ಫ್ರೀಯಾಗಿ ಮಾಡಿಕೊಡುತ್ತೇನೆ.

ಗಣಿ ಮೇಷ್ಟ್ರು

ನಿಮ್ಮ ಮನಸ್ಸು ದೊಡ್ಡದು, ಆದರೆ ಒಂದು ತೊಡಕು. ಅನಿಲ ಇರುವ ಕಲ್ಲಿದ್ದಲು ಗಣಿಯೊಳಗೆ ಸಾಧಾರಣ ಮೊಬೈಲ್ ಒಯ್ಯುವ ಹಾಗಿಲ್ಲ. ಬೀಡಿ, ಬೆಂಕಿಪೊಟ್ಟಣದ ಹಾಗೆ ಅದನ್ನೂ ಮೇಲೇ ತೆಗೆದಿಟ್ಟುಕೊಳ್ಳುತ್ತಾರೆ. ಕಿಡಿ ಹೊರಡದ ಹಾಗೆ ತಯಾರಿಸಿ ಮಂಜೂರಾತಿ ಪಡೆದ ಸಾಧನ ಬೇಕು, ಅದಕ್ಕೆ ದುಡ್ಡು ಜಾಸ್ತಿ. ಗಾಡಿ ಮೇಲೆ ಬಂದಾಗ ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡುವುದಾದರೆ ನಿಮ್ಮ ಆ್ಯಪ್ ನಡೆಯುತ್ತೆ.

ಕೆಜಿಎಫ್ ಕೋಡರ್

ಓ, ಸರಿ ಸಾರ್. ಆಫ್‌ಲೈನ್ ಮಾಡಿದರೆ ಮೇಲೆ ಬಂದು ತುಂಬಬಹುದು. ಆದರೆ ಹಾಗೆ ಮಾಡಿದರೆ ಮತ್ತೆ ನೆನಪಿನಿಂದ ಬರೆದ ಹಾಗೇ ಆಯಿತು. ಯೋಚನೆ ಮಾಡುತ್ತೇನೆ.

ಅಂಡರ್ಸನ್‌ಪೇಟೆ ಮಗಳು

ಎಲ್ಲರೂ ಬೆಂಕಿ, ಸ್ಫೋಟದ ಬಗ್ಗೆಯೇ ಹೇಳುತ್ತಿದ್ದೀರಿ. ನಿಧಾನವಾಗಿ ಕೊಲ್ಲುವುದರ ಬಗ್ಗೆ ನಾನು ಹೇಳುತ್ತೇನೆ.

ನಮ್ಮ ಅಪ್ಪ ಹೊರರಾಜ್ಯದ ಒಂದು ಗಣಿಯಲ್ಲಿ ನೆಲದಡಿ ಲೋಡರ್ ಓಡಿಸುತ್ತಿದ್ದರು. ಡೀಸೆಲ್ ಲೋಡರ್. ರಜೆಗೆ ಬಂದಾಗ ಕರವಸ್ತ್ರದಲ್ಲಿ ಮೂಗು ಸೀನಿದರೆ ಮಸಿ. ಅಮ್ಮ ಅದನ್ನ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದರು. ಆಮೇಲೆ ಎಷ್ಟೋ ವರ್ಷದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಅಂದರು. ಅಪ್ಪ ಒಂದು ಬೀಡಿಯನ್ನೂ ಸೇದಿದವರಲ್ಲ. ಪರಿಹಾರಕ್ಕೆ ಓಡಾಡಿದಾಗ ಕೇಳಿದ್ದು ಒಂದೇ ಪ್ರಶ್ನೆ. ಯಾವ ಯಂತ್ರದ ಮೇಲೆ, ಎಷ್ಟು ವರ್ಷ, ಅಲ್ಲಿ ಗಾಳಿ ಎಷ್ಟಿತ್ತು, ಹೊಗೆ ಎಷ್ಟಿತ್ತು, ದಾಖಲೆ ಕೊಡಿ. ನಾವು ಎಲ್ಲಿಂದ ತರೋದು? ಹಳೆಯ ರಿಜಿಸ್ಟರ್‌ಗಳು ಗೆದ್ದಲು ತಿಂದು ಹೋದವು ಅಂತ ಉತ್ತರ ಬಂತು. ಸಿಕ್ಕಿದ್ದ ಕೆಲವು ಪುಟಗಳಲ್ಲಿ ಹೊಗೆಯ ಕಾಲಂನಲ್ಲಿ ಬರೀ ಟಿಕ್ ಮಾರ್ಕ್.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು. ಅದಕ್ಕೆ ದೊಡ್ಡ ಆಧಾರ ಅಮೆರಿಕದ ಗಣಿ ಕಾರ್ಮಿಕರ ಅಧ್ಯಯನ. ಎಂಟು ಗಣಿಗಳು, 12,315 ಜನ. ಯಾರು ಎಲ್ಲಿ ಏನು ಕೆಲಸ ಮಾಡಿದರು, ಆಗ ಅಲ್ಲಿ ಗಾಳಿ, ಇಂಜಿನ್ ಹೇಗಿತ್ತು ಅನ್ನೋ ಹಳೆಯ ದಾಖಲೆ ಇತ್ತು, ಅದಕ್ಕೇ ಅಂಥ ಅಧ್ಯಯನ ಆಗಿದ್ದು. ನಮ್ಮ ಅಪ್ಪನ ಹೆಸರಿನ ಮುಂದೆ ಟಿಕ್ ಮಾರ್ಕ್ ಇದೆ.

ತಮ್ಮಾ, ನೀನು ಬರೆಯುವ ಸಂಖ್ಯೆ ಯಾರದೋ ಮಗಳಿಗೆ ಇಪ್ಪತ್ತು ವರ್ಷದ ಮೇಲೆ ಬೇಕಾಗಬಹುದು. ದಯವಿಟ್ಟು ಬರೆ.

ಮುಳಬಾಗಿಲು ನರ್ಸಮ್ಮ

ಅಕ್ಕಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಅಮ್ಮ ಹೇಗಿದ್ದಾರೆ ಈಗ?

ಅಂಡರ್ಸನ್‌ಪೇಟೆ ಮಗಳು

ಚೆನ್ನಾಗಿದ್ದಾರೆ. ನನ್ನ ಜೊತೆಯಲ್ಲೇ ಇದ್ದಾರೆ.

ಶ್ರೀನಿವಾಸಪುರ ತೋಪು

ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡೆ, ಆ ಸೈನೈಡ್ ದಿಬ್ಬದ ಧೂಳಿನದೂ ಇದೇ ಕಥೆ. ಬೇಸಿಗೆ ಗಾಳಿಗೆ ಮನೆಯೊಳಗೆಲ್ಲ ಬರುತ್ತೆ. ಎಷ್ಟು ಬರುತ್ತೆ ಅಂತ ಅಲ್ಲಿನ ಜನಕ್ಕೆ ಕೈಯಲ್ಲಿ ಹಿಡಿಯೋ ಹಾಗೆ ಒಂದು ಚೀಟಿ ಕೊಟ್ಟವರಿಲ್ಲ. ಕೆಮ್ಮುವವರು ಕೆಮ್ಮುತ್ತಲೇ ಇದ್ದಾರೆ.

ಟೊಮ್ಯಾಟೊ ಮಂಡಿ

ಅಕ್ಕ, ನಾನು ಮೇಲೆ ಪುಸ್ತಕ ಬಿಡು ಅಂತ ಬರೆದಿದ್ದೆ. ನಿಮ್ಮದು ಓದಿದ ಮೇಲೆ ಆ ಮಾತನ್ನ ಇನ್ನು ಹಿಡಿದುಕೊಂಡು ಕೂರಲ್ಲ. ಆದರೆ ಹುಡುಗನ ಕೆಲಸದ ಚಿಂತೆ ನನಗೆ ಇನ್ನೂ ಇದೆ.

ಗಣಿ ಮೇಷ್ಟ್ರು

ಆ ಚಿಂತೆಗೆ ಒಂದು ದಾರಿ ಇದೆ. ನೂರಕ್ಕಿಂತ ಜಾಸ್ತಿ ಜನ ಇರುವ ಗಣಿಯಲ್ಲಿ ಸುರಕ್ಷತಾ ಸಮಿತಿ ಇರಬೇಕು. ದೊಡ್ಡ ಗಣಿಯಾದರೆ ಕಾರ್ಮಿಕರ ಕಡೆಯ ಇನ್‌ಸ್ಪೆಕ್ಟರ್ ಕೂಡ ಇರುತ್ತಾರೆ, ವರ್ಕ್‌ಮೆನ್ಸ್ ಇನ್‌ಸ್ಪೆಕ್ಟರ್ ಅಂತ. ಅವರು ನೋಡಿದ್ದನ್ನ ಅವರದೇ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ, ಅದಕ್ಕೆ ಗಣಿಯವರು ಏನು ಕ್ರಮ ತಗೊಂಡರು ಅಂತ ಅಲ್ಲೇ ಬರೆಯಬೇಕು. ಫ್ಲೋಟಿನ ತಂತಿಯನ್ನ ನೀನೊಬ್ಬನೇ ಹೊತ್ತುಕೊಂಡು ಹೋಗಬೇಡ. ಅವರಿಗೆ ತೋರಿಸು. ಅದಕ್ಕೂ ಆಗದಿದ್ದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಇದೆ, ಧನಬಾದ್‌ನಲ್ಲಿ ಮುಖ್ಯ ಕಚೇರಿ, ಬೇರೆ ಬೇರೆ ಕಡೆ ಪ್ರಾದೇಶಿಕ ಕಚೇರಿ.

ಬಂಗಾರಪೇಟೆ ಡಿಪ್ಲೊಮಾ

ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ಶಿಫ್ಟ್ ಮುಗಿಸಿ ಬಂದು ಎಲ್ಲಾ ಓದಿದೆ.

ಏನಾಯಿತು ಹೇಳುತ್ತೇನೆ. ಫಿಟ್ಟರ್ ತಾತ ಹೇಳಿದ ಹಾಗೇ ಹೇಳಿದೆ. ಮೊದಲು ಮುಖ ಗಂಟಿಕ್ಕಿದರು. "ಎಲ್ಲಾ ಗಾಡಿ ಇವತ್ತೇ ಪರೀಕ್ಷೆ ಮಾಡಿಕೊಡುತ್ತೀಯಾ?" ಅಂದರು. ಮಾಡಿಕೊಡುತ್ತೇನೆ ಅಂದೆ. ಒಬ್ಬ ಹೆಲ್ಪರ್ ಕೊಟ್ಟರು. ಹಳೇ ಖಾಲಿ ಜಾಗಕ್ಕೆ ಇನ್ನೂ ಯಾರೂ ಸಹಿ ಹಾಕಿಲ್ಲ, ನಾನಂತೂ ಹಾಕಲ್ಲ.

ತಂತಿ ಕಟ್ಟಿದ್ದ ಗಾಡಿಯ ಸ್ಕ್ರಬ್ಬರ್ ಟ್ಯಾಂಕ್ ಬಿಚ್ಚಿದೆವು. ಒಳಗೆ ಡಾಂಬರಿನ ಹಾಗೆ ಮಸಿ, ಬೆರಳಲ್ಲಿ ತೆಗೆಯೋ ಹಾಗಿತ್ತು. ತೊಳೆದು, ಫ್ಲೋಟ್ ಬಿಡಿಸಿ, ನೀರು ತುಂಬಿ, ಡ್ರೈನ್ ತೆರೆದು ನೀರು ಇಳಿಸಿ ನೋಡಿದೆ. ಇಂಜಿನ್ ತಾನಾಗೇ ನಿಂತಿತು. ಅದೇ ಗಾಡಿಯ ಗಾಳಿ ಮುಚ್ಚುವ ವಾಲ್ವ್ ಎಳೆದರೆ ಪೂರ್ತಿ ಕೂರಲಿಲ್ಲ, ಇಂಜಿನ್ ಓಡುತ್ತಲೇ ಇತ್ತು. ಮೇಷ್ಟ್ರು ಹೇಳದೇ ಇದ್ದಿದ್ದರೆ ಅದನ್ನ ಅಷ್ಟು ಹೊತ್ತು ಹಿಡಿದು ನೋಡುತ್ತಿರಲಿಲ್ಲವೇನೋ. ಗಾಡಿಯನ್ನ ಕೆಳಗೆ ಬಿಡಲಿಲ್ಲ. "ವಾಲ್ವ್ ಕೂರುತ್ತಿಲ್ಲ, ಗಾಡಿ ನಿಲ್ಲಿಸಿದೆ" ಅಂತ ಬರೆದು ಸಹಿ ಹಾಕಿ, ಫೋರ್‌ಮನ್ ಸಹಿಯನ್ನೂ ತಗೊಂಡೆ. ಸ್ಟೀರಿಂಗಿಗೆ ಒಂದು ಕೆಂಪು ಟ್ಯಾಗ್ ಕಟ್ಟಿದ್ದೇನೆ.

ಊರಿಗಾಂ ಹಳೇ ಫಿಟ್ಟರ್

ಭೇಷ್ ಮಗಾ! ಟ್ಯಾಗಿನ ಮೇಲೆ ನಿನ್ನ ಹೆಸರು, ತಾರೀಖು ಇದೆಯಾ? ಬಿಚ್ಚುವವನು ರಿಪೇರಿ ಆದ ಮೇಲೆ ಪುಸ್ತಕದಲ್ಲಿ ಅದೇ ಸಾಲಿನ ಎದುರು ಬರೆದು ಬಿಚ್ಚಬೇಕು. ಬೇರೆ ಪುಟದಲ್ಲಿ ಬರೆದರೆ ದೋಷ ಒಂದು ಕಡೆ, ರಿಪೇರಿ ಒಂದು ಕಡೆ ಆಗಿ ಯಾರಿಗೂ ಗೊತ್ತಾಗಲ್ಲ.

ಬಂಗಾರಪೇಟೆ ಡಿಪ್ಲೊಮಾ

ಹೆಸರಿದೆ, ತಾರೀಖು ಹಾಕಿಲ್ಲ. ಬೆಳಿಗ್ಗೆ ಹೋದ ತಕ್ಷಣ ಹಾಕುತ್ತೇನೆ. ರಿಪೇರಿಗೆ ಪಕ್ಕದಲ್ಲೇ ಜಾಗ ಬಿಟ್ಟಿದ್ದೇನೆ.

ಬೆಮೆಲ್ ನಿವೃತ್ತ

ತಡವಾಗಿ ಬಂದೆ. ನಾನು ದೊಡ್ಡ ಯಂತ್ರಗಳ ಜೊತೆಯೇ ವಯಸ್ಸು ಕಳೆದವನು. ಒಂದು ಸಲಹೆ. ರಿಜಿಸ್ಟರ್ ದಿನದ ಲೆಕ್ಕದಲ್ಲಿ ಇದ್ದರೆ ಸಾಲದು, ಪ್ರತಿ ಗಾಡಿಗೂ ಒಂದು ಹಿಸ್ಟರಿ ಕಾರ್ಡ್ ಇರಲಿ. ಇಂಜಿನ್ ಸೀರಿಯಲ್ ನಂಬರ್, ಗಂಟೆ ಮೀಟರ್ ರೀಡಿಂಗ್, ಬದಲಾಯಿಸಿದ ಪಾರ್ಟಿನ ನಂಬರ್ ಹಾಕು. ಅನಿಲದ ಗಣಿಗೆ ಮಂಜೂರಾದ ಗಾಡಿಗೆ ಸಿಕ್ಕ ಸಿಕ್ಕ ಪಾರ್ಟ್ ಹಾಕುವ ಹಾಗಿಲ್ಲ. ಲೋಕಲ್ ಅಂಗಡಿಯ ಗ್ಯಾಸ್ಕೆಟ್ ಹಾಕಿದರೂ ಅದು ಮಂಜೂರಾದ ಗಾಡಿಯಾಗಿ ಉಳಿಯಲ್ಲ. ಎರಡು ವರ್ಷದ ಮೇಲೆ ಇದನ್ನ ಯಾರು ನೆನಪಿಟ್ಟುಕೊಂಡಿರುತ್ತಾರೆ? ಕಾರ್ಡ್ ಗಾಡಿ ಇರುವವರೆಗೂ ಇರಲಿ, ಗಾಡಿ ಬೇರೆ ಗಣಿಗೆ ಹೋದರೆ ಜೊತೆಗೇ ಹೋಗಲಿ.

ಅಂಡರ್ಸನ್‌ಪೇಟೆ ಮಗಳು

ಓಡಿಸಿದವರ ಹೆಸರೂ ಆ ಕಾರ್ಡಿನಲ್ಲಿ ಇರಲಿ ಸಾರ್.

ಬೆಮೆಲ್ ನಿವೃತ್ತ

ಖಂಡಿತ ಇರಬೇಕಮ್ಮ. ಅದು ನನಗೆ ಹೊಳೆದಿರಲಿಲ್ಲ.

ಮಾಲೂರು ಮೆಕ್ಯಾನಿಕ್

ತಮ್ಮಾ, ಹೊಗೆ ಅಳೆದೆಯಾ? ಎಷ್ಟು ಬಂತು?

ಬಂಗಾರಪೇಟೆ ಡಿಪ್ಲೊಮಾ

ಒಂದು ಗಾಡಿ 400, ಒಂದು 650, ಇನ್ನೊಂದು 1900 ಪಿಪಿಎಂ. ಮೂರನೆಯದರ ಏರ್ ಫಿಲ್ಟರ್ ಬದಲಾಯಿಸಿ ಮತ್ತೆ ಅಳೆದೆ, 800ಕ್ಕೆ ಇಳಿಯಿತು. ಎರಡೂ ಸಂಖ್ಯೆ ಬರೆದಿದ್ದೇನೆ. ಆದರೆ ಒಂದು ಅನುಮಾನ. ಮೀಟರ್ ಆನ್ ಮಾಡಿದಾಗ ಮೇಲೆ ಶುದ್ಧ ಗಾಳಿಯಲ್ಲೂ 30 ತೋರಿಸುತ್ತಿತ್ತು. ಇದು ಸರೀನಾ?

ಗಣಿ ಮೇಷ್ಟ್ರು

ಸರಿಯಲ್ಲ. ಶುದ್ಧ ಗಾಳಿಯಲ್ಲಿ ಸೊನ್ನೆಗೆ ಬರಬೇಕು. ಗೊತ್ತಿರುವ ಪ್ರಮಾಣದ ಅನಿಲ ತುಂಬಿದ ಸಿಲಿಂಡರ್ ಸ್ಟೋರಿನಲ್ಲಿ ಇರಬೇಕು, ಅದನ್ನ ಕೊಟ್ಟು ಮೀಟರ್ ಸರಿಯಾಗಿ ತೋರಿಸುತ್ತಾ ನೋಡು. ಕೊನೆಯ ಸಲ ಕ್ಯಾಲಿಬ್ರೇಷನ್ ಆದ ತಾರೀಖು ಮೀಟರ್ ಮೇಲೆ ಅಂಟಿಸಿರುತ್ತಾರೆ. ಆ ತಾರೀಖು, ಮೀಟರ್ ನಂಬರ್ ಎರಡನ್ನೂ ರೀಡಿಂಗ್ ಪಕ್ಕದಲ್ಲಿ ಬರೆ. ಮೀಟರ್ ಸರಿಹೋದ ಮೇಲೆ ಮೂರೂ ಗಾಡಿಗೆ ಮತ್ತೆ ಅಳೆ, ಮೊದಲಿನದನ್ನ ಹೊಡೆದು ಹಾಕಬೇಡ, ಅದರ ಕೆಳಗೇ ಹೊಸ ಸಾಲು ಬರೆ.

ಬಂಗಾರಪೇಟೆ ಡಿಪ್ಲೊಮಾ

ಅಂಟಿಸಿದ ಚೀಟಿಯ ಮೇಲಿನ ತಾರೀಖು ಅಳಿಸಿಹೋಗಿದೆ ಸರ್. ನಾಳೆ ಸ್ಟೋರಿನಲ್ಲಿ ಸಿಲಿಂಡರ್ ಕೇಳುತ್ತೇನೆ. ಸಿಗದಿದ್ದರೆ ಸಿಗಲಿಲ್ಲ ಅಂತಲೂ ಬರೆಯುತ್ತೇನೆ.